ಹೊಸ ಸ್ಕೂಲಿನ ಮಾಳಿಗೆ

ಅಜ್ಜಂಪುರ
೬ ಮಾರ್ಚ್ ೧೯೩೮, ಭಾನುವಾರ

ಸ್ಟೇಷನ್ ರಸ್ತೆಯ ಹೊಸ ಸ್ಕೂಲಿಗೆ ಕಟ್ಟಿದ್ದ ಸಾರುವೆ ಮರಗಳನ್ನು ಇವತ್ತು ಬಿಚ್ಚಿದರು. ಒಳಗಿನಿಂದ ಏನು ಹೊರಬೀಳುತ್ತದೋ ಎಂದು ಅರ್ಧ ಊರು ನಿಂತು ನೋಡುತ್ತಿತ್ತು. ಹೊರಬಿದ್ದದ್ದು ಒಂದು ಬೆಂಕಿಪೆಟ್ಟಿಗೆ. ಸುಣ್ಣ ಬಳಿದ ಉದ್ದನೆಯ ಬೆಂಕಿಪೆಟ್ಟಿಗೆ. ಕಮಾನಿಲ್ಲ, ಕಂಬವಿಲ್ಲ, ಬಾಗಿಲ ಮೇಲೆ ಒಂದು ಹೂವಿನ ಬಳ್ಳಿ ಕೂಡ ಇಲ್ಲ. ಹೆಂಚಂತೂ ಇಲ್ಲವೇ ಇಲ್ಲ. ಮೇಲೆ ಕಾಂಕ್ರೀಟಿನ ಚಪ್ಪಟೆ ಮಾಳಿಗೆ. ಕಿಟಕಿಗಳು ಮೊಣಕಾಲ ಮಟ್ಟದಿಂದ ಹೊರಟು ಮಾಳಿಗೆಯವರೆಗೆ ಹೋಗಿವೆ, ಕಬ್ಬಿಣದ ಚೌಕಟ್ಟು, ತುಂಬಾ ಗಾಜು. ಮುಂಬಾಗಿಲ ಮೇಲೆ ತೆಳ್ಳನೆಯ ಒಂದು ಸಜ್ಜ ರಸ್ತೆಯ ಕಡೆಗೆ ಒಂದಾಳುದ್ದ ಚಾಚಿಕೊಂಡಿದೆ. ಕೆಳಗೆ ಆಸರೆ ಎಂಬುದು ಏನೇನೂ ಇಲ್ಲ.

ಕೊಬ್ಬರಿ ಮಂಡಿಯ ಬೆನಕಪ್ಪ ಕತ್ತೆತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಇದು ಯಾತರ ಮೇಲೆ ನಿಂತೈತೋ ಮಲ್ಲ?"

"ಇಂಜಿನಿಯರನ ಮಾತಿನ ಮೇಲೆ" ಎಂದೆ.

ಇಂಜಿನಿಯರ್ ಷಡಕ್ಷರಿ ಅಲ್ಲೇ ಇದ್ದ. ಶಿವನಿಯ ಹುಡುಗ, ಬೆಂಗಳೂರಲ್ಲಿ ಓದಿ ಬಂದವನು, ಕೆಲಸ ಇನ್ನೂ ಖಾಯಂ ಆಗಿಲ್ಲ. ಮಾಳಿಗೆ ಸೋರೋದಿಲ್ಲವೇನಪ್ಪ ಎಂದು ಕೇಳಿದೆ. "ಸೋರೋದಿಲ್ಲ ಯಜಮಾನ್ರೆ" ಎಂದ. ಈ ಸೀಮೆಯಲ್ಲಿ ಸೋರದ ಮಾಳಿಗೆಯನ್ನು ನಾನು ಕಂಡಿಲ್ಲ ಎಂದೆ. "ಹಾಗಾದ್ರೆ ಇದನ್ನ ನೋಡಿ" ಎಂದ. ಈಗಿನವರ ಉದ್ಧಟತನ.

ಊರ ಚಾವಡಿ ಕಟ್ಟಿದಾಗಲೂ ಹೀಗೇ ಒಬ್ಬ ಬಂದು ನೂರು ವರ್ಷ ಬಾಳುತ್ತೆ ಎಂದಿದ್ದ. ನನಗಾಗ ಮೀಸೆ ಚಿಗುರುತ್ತಿತ್ತು. ಮೀಸೆ ನರೆಯುವುದಕ್ಕೆ ಮುಂಚೆ ಚಾವಡಿಯ ಹಿಂಗೋಡೆ ಬಿತ್ತು. ಊರಿನವರು ಮರೆತಿರಬಹುದು. ನಾನು ಮರೆತಿಲ್ಲ.

ಆ ಸಜ್ಜದ ಕೆಳಗೆ ನಾನಂತೂ ಎಂದೂ ನಿಲ್ಲುವುದಿಲ್ಲ.

೯ ಮಾರ್ಚ್, ಬುಧವಾರ

ಜಿಲ್ಲಾ ಬೋರ್ಡಿಗೆ ಅರ್ಜಿ ಬರೆದು ಮುಗಿಸಿದೆ. ಕಟ್ಟಡಕ್ಕೆ ಮುಖಲಕ್ಷಣವಿಲ್ಲದಿರುವುದು, ಗಾಜಿನ ಅತಿರೇಕ, ಸಜ್ಜದ ಅಪಾಯ, ಮೂರನ್ನೂ ವಿವರಿಸಿದ್ದೇನೆ. ಕೊನೆಗೆ, ಮೊದಲ ಮಳೆಗೇ ಈ ಮಾಳಿಗೆ ಸೋರುತ್ತದೆ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಬರೆದದ್ದನ್ನು ಓದಿ ನೋಡೋಣವೆಂದರೆ ನಡುಮನೆಯಲ್ಲಿ ಅಕ್ಷರ ಕಾಣಲಿಲ್ಲ. ಮಗಳು ವಿಮಲೆಯನ್ನು ಕೂಗಿ ಓದಿಸಿದೆ. ನಮ್ಮ ಕೊನೆಯ ಮಗಳು. ಛತ್ರದಲ್ಲಿ ನಡೆಯುವ ಹಳೆ ಮಿಡಲ್ ಸ್ಕೂಲಿನ ಕಡೇ ತರಗತಿಯಲ್ಲಿದ್ದಾಳೆ. ಗಟ್ಟಿಯಾಗಿ, ತಪ್ಪಿಲ್ಲದೆ ಓದಿ, ಮಡಿಸಿ ಕೈಗೆ ಕೊಟ್ಟಳು. ಚೆನ್ನಾಗಿದೆ ಎನ್ನಲಿಲ್ಲ.

ನನ್ನಾಕೆ ತೀರ್ಥಮ್ಮ ಒಳಗಿನಿಂದಲೇ ಅಂದಳು: "ಲಿಂಗಕ್ಕೆ ಹೂವು ಏರ್ಸೋದು ಮರೆತ್ರೂ ಮರೀತೀರಿ, ಸರ್ಕಾರಕ್ಕೆ ಅರ್ಜಿ ಏರ್ಸೋದು ಮರೆಯಲ್ಲ ನೀವು."

೨೮ ಮಾರ್ಚ್, ಸೋಮವಾರ

ಇದು ಬಹುಮಾನವೋ ಶಿಕ್ಷೆಯೋ ತಿಳಿಯದು. ಅರ್ಜಿ ಕೊಟ್ಟವರೇ ಪರೀಕ್ಷೆ ಮಾಡಲಿ ಎಂದು ಬೋರ್ಡಿನವರು ಸಮಿತಿ ಮಾಡಿದ್ದಾರೆ. ತರೀಕೆರೆಯ ಅಮಲ್ದಾರರು, ಬೆನಕಪ್ಪ, ನಾನು. ಅಮಲ್ದಾರರಿಗೆ ಪುರುಸೊತ್ತಿಲ್ಲ, ಬೆನಕಪ್ಪನಿಗೆ ಕೊಬ್ಬರಿ. ಹಾಗಾಗಿ ಕಟ್ಟಡದ ಬೀಗದ ಕೈ ನನ್ನ ಸೊಂಟದಲ್ಲಿದೆ. ಮೊದಲ ಮಳೆ ಬಿದ್ದ ಮೇಲೆ ಚಿಕ್ಕಮಗಳೂರಿನಿಂದ ದೊಡ್ಡ ಇಂಜಿನಿಯರು ಬಂದು ನಮ್ಮ ಅಭಿಪ್ರಾಯ ಕೇಳಿ ತೀರ್ಮಾನ ಮಾಡುತ್ತಾರೆ. ಕಟ್ಟಡ ಪಾಸಾದರೆ ಜೂನಿನಲ್ಲಿ ಹೈಸ್ಕೂಲು ತರಗತಿ ಇಲ್ಲೇ ಶುರು. ನಪಾಸಾದರೆ ಮಾಳಿಗೆ ಒಡೆದು ಹೆಂಚು ಹೊದಿಸುವುದು, ತರಗತಿ ಬೀರೂರಿಗೆ.

ತೀರ್ಥಮ್ಮ ಕೇಳಿಸಿಕೊಂಡು ಮೊರ ಕೆಳಗಿಟ್ಟಳು. "ಬೀರೂರಿಗೆ ದಿನಾ ರೈಲಲ್ಲಿ ಹೆಣ್ಣು ಹುಡುಗೀನ ಕಳಿಸೋರು ಯಾರು? ಅಲ್ಲಿಗೆ ಹೋಯ್ತೂಂದ್ರೆ ಇವಳ ಓದು ಮುಗೀತು. ನಮ್ಮಣ್ಣ ಸಖರಾಯಪಟ್ಟಣದಲ್ಲಿ ಒಂದು ವರ ನೋಡವ್ನೆ. ಸರಿ ಅಂತ ಹೇಳ್ಕಳಿಸ್ತೀನಿ."

ಸಾರ್ವಜನಿಕ ವಿಷಯದಲ್ಲಿ ಮನೆಯ ವಿಷಯ ಬೆರೆಸಬಾರದು ಎಂದೆ.

"ಬೆರೆಸ್ತಿರೋದು ನಾನಾ?" ಎಂದಳು.

ವಿಮಲೆ ದೀಪದ ಬುರುಡೆ ಒರೆಸುತ್ತಾ ಕೂತಿದ್ದಳು. ಅದು ಆಗಲೇ ಚೊಕ್ಕಟವಾಗಿತ್ತು.

೪ ಏಪ್ರಿಲ್, ಸೋಮವಾರ

ಪರೀಕ್ಷೆ ಶುರು ಮಾಡಿದೆ. ಗಾಜಿನಿಂದ ಮಕ್ಕಳ ಮೇಲೆ ಬಿಸಿಲು ಹೇಗೆ ಸುರಿಯುತ್ತದೆಂದು ರುಜುವಾತು ಮಾಡಬೇಕು. ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಕೂತು ನೋಡುವುದೇ ದಾರಿ. ಹೊತ್ತು ಹೋಗಲೆಂದು ಒಂದು ಪುಸ್ತಕ ತೆಗೆದುಕೊಂಡು ಹೋಗಿದ್ದೆ, ವಚನಗಳ ಮೇಲಿನ ಸಣ್ಣ ಅಕ್ಷರದ ಹಳೆ ಟೀಕೆ, ಎರಡು ವರ್ಷದಿಂದ ಗೂಡಿನಲ್ಲಿ ಧೂಳು ತಿನ್ನುತ್ತಿದ್ದದ್ದು.

ಬಿಸಿಲು ಒಳಗೆ ಬೀಳಲಿಲ್ಲ. ದೊಡ್ಡ ಕಿಟಕಿಗಳು ಉತ್ತರಕ್ಕಿವೆ. ಆದರೆ ಇದು ಏಪ್ರಿಲ್ ಮಾತ್ರ, ಇನ್ನೂ ನೋಡಬೇಕು.

ಟೀಕೆ ನಲವತ್ತು ಪುಟ ಓದಿಸಿಕೊಂಡಿತು. ಮನೆಯಲ್ಲಿ ಇದೇ ಪುಸ್ತಕದ ಸಾಲು ಇರುವೆ ಹರಿದ ಹಾಗೆ ಕಾಣುತ್ತಿತ್ತು. ಕಣ್ಣಿಗೆ ಈಚೆಗೆ ಹಾಕಿಕೊಳ್ಳುತ್ತಿರುವ ನಂದಿಬಟ್ಟಲ ರಸ ಕೆಲಸ ಮಾಡುತ್ತಿರಬೇಕು.

೫ ಏಪ್ರಿಲ್

ಪರೀಕ್ಷೆ. ಬಿಸಿಲು ಬೀಳಲಿಲ್ಲ.

೭ ಏಪ್ರಿಲ್

ಪರೀಕ್ಷೆ. ಟೀಕೆ ಮುಗಿಯಿತು. ನಾಳೆ ಬೇರೆ ಪುಸ್ತಕ.

೧೩ ಏಪ್ರಿಲ್, ಬುಧವಾರ

ಬುತ್ತಿ ಕಟ್ಟಿಕೊಡು ಎಂದದ್ದಕ್ಕೆ ತೀರ್ಥಮ್ಮ, "ಸ್ಲೇಟು ಬಳಪ ಬೇಡ್ವಾ?" ಎಂದಳು. ವಿಮಲೆ ನಕ್ಕುಬಿಟ್ಟಳು. ಗದರಿಸಿದೆ. ಅವಳೂ ಜೊತೆಗೆ ಬಂದಳು, ರಜ ಬಂದಿದೆ.

ಒಳಗೆ ಹೊಕ್ಕವಳು ಎಲ್ಲಾ ಕೋಣೆ ಸುತ್ತಿ ಬಂದು ಕೊನೆಯ ಸಾಲಿನ ಮೂಲೆಯಲ್ಲಿ ಕೂತಳು. "ಅಪ್ಪಯ್ಯ, ಇಲ್ಲಿ ಮೂಲೆನೇ ಇಲ್ಲ" ಎಂದಳು. ಕೂತಿರುವುದೇನು ಮತ್ತೆ ಎಂದು ಕೇಳಿದೆ. "ಛತ್ರದಲ್ಲಿ ಹುಡುಗೀರ್ನ ಹಿಂದೆ ಕೂರಿಸ್ತಾರಲ್ಲ, ಅಲ್ಲಿ ಬೋರ್ಡು ಕಾಣಲ್ಲ. ಮುಂದಿನೋರು ಓದಿದ್ದನ್ನ ಕೇಳಿ ಬರ್ಕೋತೀವಿ. ಇಲ್ಲಿ ಹಿಂದ್ಲಿಂದಾನೂ ಕಾಣುತ್ತೆ."

ನನ್ನ ತಂಗಿ ಇವಳ ವಯಸ್ಸಿನಲ್ಲಿ ಹೋದಳು, ಪ್ಲೇಗಿನ ವರ್ಷ. ನಡುಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಆಮೇಲೆ ಸರ್ಕಾರದವರು ಬಂದು ಬಿಸಿಲು ಒಳಗೆ ಬೀಳಲೆಂದು ಮಾಳಿಗೆಗೆ ತೂತು ತೆಗೆಸಿದರು. ಮನೆಯವರೆಲ್ಲ ಊರ ಹೊರಗೆ ಗುಡಿಸಲಲ್ಲಿದ್ದೆವು. ಹಿಂತಿರುಗಿ ಬಂದಾಗ ಆ ಕೋಣೆಯ ಗೋಡೆ ಯಾವ ಬಣ್ಣ ಎಂದು ಮೊದಲ ಸಲ ನೋಡಿದೆ. ಮಳೆಗಾಲಕ್ಕೆ ತೂತು ಮುಚ್ಚಿದರು.

ಇದನ್ನು ಯಾಕೆ ಬರೆದೆನೋ. ಸ್ಕೂಲಿಗೂ ಇದಕ್ಕೂ ಸಂಬಂಧವಿಲ್ಲ.

೨೨ ಏಪ್ರಿಲ್, ಶುಕ್ರವಾರ

ಷಡಕ್ಷರಿ ಶಿವನಿಯಿಂದ ಬೆಳಗಿನ ರೈಲಿಗೆ ಬಂದ. ಸಂಜೆಯ ರೈಲಿನವರೆಗೆ ಅವನೊಡನೆ ಜಗಳ. ಬಹಳ ದಿನಗಳ ಮೇಲೆ ಮಾತಾಡಿದ ಹಾಗಾಯಿತು.

"ಇದಕ್ಕೆ ಅಂದ ಎಲ್ಲಿದೆಯಪ್ಪ?"

"ಎಲ್ಲಿರಬೇಕಿತ್ತು ಯಜಮಾನ್ರೆ?"

"ಎದುರಿಗೆ. ದಾರೀಲಿ ಹೋಗೋನು ನಿಂತು ಇದು ಸರಸ್ವತಿ ಮನೆ ಅಂತ ಕೈ ಮುಗೀಬೇಕು."

"ದಾರೀಲಿ ಹೋಗೋನಿಗೆ ಕಟ್ಟಿಲ್ವಲ್ಲ, ಒಳಗೆ ಕೂರೋನಿಗೆ ಕಟ್ಟಿರೋದು."

"ಎರಡೂ ಮಾಡೋಕಾಗ್ಲಿಲ್ವಾ?"

ಅವನು ಹೊರಗೆ ಹೋಗಿ ಕಟ್ಟಡದ ಎದುರು ನೋಡಿ ಬಂದ. ಆಮೇಲೆ, "ಮಾಡ್ಬೋದಿತ್ತೇನೋ" ಎಂದ. ಒಪ್ಪಿಕೊಳ್ಳುವ ಗುಣ ಇದೆ.

ಮಧ್ಯದ ಕೋಣೆಯ ಕಪ್ಪು ಹಲಗೆಯ ಮೇಲೆ ಮಧ್ಯಾಹ್ನ ಕಿಟಕಿಯ ಹೊಳಪು ಬಿದ್ದು ಅಕ್ಷರ ಅಳಿಸಿದಂತಾಗುತ್ತದೆ. ಕೂತು ಕೂತು ನಾನು ಕಂಡುಕೊಂಡದ್ದು. ಅವನನ್ನು ಬೆಂಚಿನಲ್ಲಿ ಕೂರಿಸಿ ತೋರಿಸಿದೆ. ತಲೆ ಕೆರೆದುಕೊಂಡು, ಹಲಗೆಯನ್ನು ಎದುರು ಗೋಡೆಗೆ ಹಾಕಿಸುತ್ತೇನೆ ಎಂದ. ಪಶ್ಚಿಮದ ಕೋಣೆ ಸಂಜೆ ಒಲೆಯಂತಾಗುತ್ತದೆ ಎಂದೆ. ಅಲ್ಲೊಂದು ಹೊಂಗೆ ಮರ ಹಾಕೋಣ ಎಂದ. ಮರ ಬೆಳೆಯುವವರೆಗೆ? "ಅಲ್ಲಿವರ್ಗೆ ಗೋಣಿ ತಾಟು."

ಬೇರೆ ಕಡೆ ಕೆಲಸ ಹಾಕಿದ್ದಾರೆ, ಮೇ ಕೊನೆಗೆ ಬರುತ್ತೇನೆ ಎಂದು ಹೇಳಿ ಹೋದ. ಈ ಕಟ್ಟಡ ಪಾಸಾಗದಿದ್ದರೆ ತನ್ನ ಕೆಲಸವೂ ಹೋದಂತೆಯೇ ಎಂಬುದನ್ನು ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದ.

೧೨ ಮೇ, ಗುರುವಾರ

ಭರಣಿ ಒಣಗಿ ಹೋಯಿತು. ಕೃತ್ತಿಕೆ ಹುಟ್ಟಿದ ಮೇಲೆ ಮೂಡಲಲ್ಲಿ ಮೋಡ ಕಟ್ಟುತ್ತಿದೆ. ಊರಲ್ಲಿ ಎಲ್ಲರೂ ಮಾಳಿಗೆಗೆ ಚೌಳುಮಣ್ಣು ಹಾಕುತ್ತಿದ್ದಾರೆ. ವರ್ಷಕ್ಕೊಂದು ಸಲ ಮಳೆಗೆ ಮುಂಚೆ ಇದು ಆಗಲೇಬೇಕು. ಹೊಸ ಮಣ್ಣಿನ ಪದರ ಬೀಳದ ಮಾಳಿಗೆ ಜರಡಿಯಾಗುತ್ತದೆ. ನಮ್ಮ ಮನೆಗೆ ನಿನ್ನೆ ಹಾಕಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಸ್ಕೂಲಿನ ಮಾಳಿಗೆಯ ಮೇಲೆ ಒಂದು ಹಿಡಿ ಮಣ್ಣಿಲ್ಲ.

ಬೆಳಿಗ್ಗೆ ದ್ಯಾಮಮ್ಮನನ್ನು ಕರೆಸಿದೆ. ಮಣ್ಣು ಹರಡಿ ಬಡಿಯುವುದರಲ್ಲಿ ಈ ಊರಿನಲ್ಲಿ ಅವಳದೇ ಮೊದಲ ಕೈ. ಮೆಟ್ಟಿಲು ಹತ್ತಿ ನೋಡಿ, "ಅಯ್ಯೋ, ಬರೀ ಮೈಯಾಗೆ ನಿಂತೈತಲ್ಲ ಸ್ವಾಮಿ" ಎಂದು ಮರುಗಿದಳು. ಓಣಿಯವರನ್ನೆಲ್ಲ ಕೂಗಿದೆ. ಹಳ್ಳದ ದಂಡೆಯಿಂದ ಗಾಡಿಯಲ್ಲಿ ಮಣ್ಣು ಬಂತು. ಗಂಡಸರು ಹೊತ್ತರು, ಹೆಂಗಸರು ಹರಡಿದರು, ತೀರ್ಥಮ್ಮ ಎಲ್ಲರಿಗೂ ಪಾನಕ ಕಳಿಸಿದಳು. ಬೆನಕಪ್ಪ ದಾರಿಯಲ್ಲಿ ನಿಂತು, "ಬೀಳೋದನ್ನ ಯಾಕೆ ಅಲಂಕಾರ ಮಾಡ್ತೀಯೋ?" ಎಂದ. ಸಮಿತಿಯವನಾಗಿ ಸರ್ಕಾರದ ಸ್ವತ್ತು ಕಾಯುವುದು ನನ್ನ ಕರ್ತವ್ಯ ಎಂದೆ.

ನಮ್ಮ ಮನೆಗಿಂತ ದಪ್ಪನಾಗಿ ಹಾಕಿಸಿದ್ದೇನೆ. ಇವತ್ತು ನಿದ್ದೆ ಬರಬಹುದು.

೨೬ ಮೇ, ಗುರುವಾರ

ನಿನ್ನೆ ಮಧ್ಯಾಹ್ನ ಮಳೆ ಹೊಡೆಯಿತು. ಸಂಜೆ ನಿಂತ ಮೇಲೆ ಹೋಗಿ ಬೀಗ ತೆಗೆದೆ.

ಮೆಟ್ಟಿಲ ಮೇಲೆ ಕೆಸರು ಹರಿದು ಕೆಳಗೆ ನಮ್ಮ ನಡುಮನೆಯಷ್ಟಗಲ ನೀರು ನಿಂತಿದೆ. ಗೋಡೆ ತೊಯ್ದಿದೆ. ವಿಮಲೆ ಕೂರುತ್ತಿದ್ದ ಬೆಂಚಿನ ಕಾಲಿನವರೆಗೂ ನೀರು ಹರಿದಿತ್ತು.

ಮೇಲೆ ಹತ್ತಿದೆ. ಮಾಳಿಗೆ ಕೆರೆಯಾಗಿದೆ. ಮಣ್ಣು ನೀರಿಗೆ ಕರಗಿ ಇಳಿದು ನೀರು ಹೋಗುವ ಕೊಳವೆಗಳಲ್ಲಿ ಗಟ್ಟಿ ಕೂತಿದೆ. ನಿಂತ ನೀರು ಮೆಟ್ಟಿಲ ಬಾಗಿಲ ಹೊಸ್ತಿಲು ದಾಟಿ ಒಳಗಿಳಿದಿದೆ. ನಮ್ಮ ಮಾಳಿಗೆಗಳಲ್ಲಿ ಮಣ್ಣು ಮರದ ತೊಲೆಯ ಮೇಲೆ ಕೂತು ಕಚ್ಚಿಕೊಳ್ಳುತ್ತದೆ, ತೂಬಿನಲ್ಲಿ ತೋಳು ತೂರುತ್ತದೆ. ಇಲ್ಲಿ ಸಿಮೆಂಟು ನುಣ್ಣಗಿದೆ, ಕೊಳವೆ ಮುಷ್ಟಿಯಷ್ಟು. ಇಷ್ಟು ಸಣ್ಣ ಕೊಳವೆ ಇಡು ಎಂದು ಅವನಿಗೆ ಯಾರು ಹೇಳಿದರು?

ಕೋಲು ಹಾಕಿ ಕೆದಕಿದೆ. ಕೋಲು ಮುರಿಯಿತು.

ಇಳಿದು ಬರುವ ಹೊತ್ತಿಗೆ ಬೆನಕಪ್ಪ ಬಂದಿದ್ದ. ಒಳಗೆ ಇಣುಕಿ ನೋಡಿ ನನ್ನ ಬೆನ್ನಿಗೆ ಗುದ್ದಿದ. "ಗೆದ್ದೆಯಲ್ಲೋ ಮಲ್ಲ! ಮೊದಲ್ನೇ ಮಳೆಗೇ ಅಂತ ಬರೆದಿದ್ದೆ, ಮೊದಲ್ನೇ ಮಳೆಗೇ ಸೋರ್ತು!" ಇವತ್ತು ಪೇಟೆಯಲ್ಲಿ ಹೋದ ಕಡೆಯಲ್ಲೆಲ್ಲ ಅದೇ ಮಾತು. ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟು ಬೇಗ, ಇಷ್ಟು ಜನರೆದುರು ನಿಜವಾದದ್ದು ಇದೇ ಮೊದಲು.

ಊಟ ಸೇರಲಿಲ್ಲ.

೨೭ ಮೇ

ತೀರ್ಥಮ್ಮ ಸಖರಾಯಪಟ್ಟಣಕ್ಕೆ ಆಳು ಕಳಿಸಲೇ ಎಂದು ಕೇಳಿದಳು. ಎರಡು ದಿನ ತಡೆ ಎಂದೆ. "ಎರಡು ದಿನದಲ್ಲಿ ಏನಾಗುತ್ತೆ?" ಎಂದಳು.

೨೮ ಮೇ, ಶನಿವಾರ

ಷಡಕ್ಷರಿ ಬಂದ. ರೈಲಿಳಿದು ನೇರ ಮಾಳಿಗೆ ಹತ್ತಿ, ಬಹಳ ಹೊತ್ತಿನ ಮೇಲೆ ಇಳಿದು ಬಂದ. ಪಂಚೆ ಮೊಣಕಾಲವರೆಗೆ ಕೆಸರು. ಮಣ್ಣು ಹಾಕಿಸಿದವರು ಯಾರೆಂದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತಾಗಿತ್ತು. ಬೈಯುತ್ತಾನೆಂದು ಕಾದೆ, ಬೈದರೆ ಹೇಳಬೇಕಾದ ಮಾತುಗಳನ್ನೂ ಹೊಂದಿಸಿ ಇಟ್ಟುಕೊಂಡಿದ್ದೆ.

"ತಪ್ಪು ನಂದು ಯಜಮಾನ್ರೆ. ನಾನೂ ಮಣ್ಣಿನ ಮಾಳಿಗೆ ಊರಿನೋನೇ ಆಗಿ ಮಣ್ಣು ಹಾಕ್ಬೇಡಿ ಅಂತ ಒಂದು ಮಾತು ಹೇಳಿ ಹೋಗ್ಬೇಕಿತ್ತು" ಎಂದ.

"ದೊಡ್ಡ ಇಂಜಿನಿಯರಿಗೆ ಏನು ಹೇಳ್ತೀಯ?"

"ಕೇಳಿದ್ರೆ ಇದನ್ನೇ. ಊರೋರ ಮೇಲೆ ಹಾಕಿದ್ರೆ ಹುಡುಕ್ಕೊಂಡ ನೆಪ ಅಂತಾರೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇವನು ಯಾರು ನನ್ನ ಮಣ್ಣನ್ನು ತಾನು ಹೊರುವುದಕ್ಕೆ? ಎದ್ದು ಬಂದೆ. ಪುಸ್ತಕ ಕಿಟಕಿಯ ಕಟ್ಟೆಯ ಮೇಲೇ ಉಳಿಯಿತು.

೩೦ ಮೇ, ಸೋಮವಾರ

ದೊಡ್ಡ ಇಂಜಿನಿಯರು ಮೋಟಾರಿನಲ್ಲಿ ಬಂದರು. ಅಮಲ್ದಾರರು, ಬೆನಕಪ್ಪ, ಬಾಗಿಲಲ್ಲಿ ಅರ್ಧ ಊರು. ಮೇಲೆ ಹತ್ತಿ ಮಣ್ಣು ನೋಡಿ, ಅದು ಷಡಕ್ಷರಿಯೇ ಮಾಡಿಸಿದ ಏನೋ ಉಪಾಯ ಎಂದುಕೊಂಡರು. ತೊಯ್ದ ಗೋಡೆಯನ್ನು ಬೆತ್ತದಿಂದ ತಟ್ಟಿದರು. ಆಮೇಲೆ ನನ್ನ ಅರ್ಜಿಯನ್ನು ತೆಗೆದು, ಗೆರೆ ಎಳೆದ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು.

"ಬರೆದೋರು ಯಾರು?"

ಬೆನಕಪ್ಪ ನನ್ನನ್ನು ಮುಂದಕ್ಕೆ ತಳ್ಳಿದ. "ಇವರೇ ಸ್ವಾಮಿ, ಮಲ್ಲಿಕಾರ್ಜುನಯ್ಯನೋರು. ಮಳೆ ಬರೋಕೆ ಮುಂಚೇನೇ ಹೇಳಿದ್ರು!"

"ನಿಮ್ಮ ಮಾತು ನಿಜ ಆಯ್ತು, ಯಜಮಾನ್ರೆ" ಎಂದು ಅವರು ತಲೆ ಬಾಗಿಸಿದರು. ಷಡಕ್ಷರಿ ನೆಲ ನೋಡುತ್ತಾ ನಿಂತಿದ್ದ. ಬಾಗಿಲಲ್ಲಿ ತೀರ್ಥಮ್ಮನ ಹಿಂದೆ ವಿಮಲೆಯ ಸೆರಗು ಕಂಡಿತು.

"ನಿಜ ಆಗಿಲ್ಲ" ಎಂದೆ.

"ಏನಂದ್ರಿ?"

"ಇದು ಸೋರಿಲ್ಲ ಸ್ವಾಮಿ. ಸೋರಿಸಿದ್ದು ನಾನು. ಆ ಮಣ್ಣು ನಾನು ಹಾಕಿಸಿದ್ದು, ಕೊಳವೆ ಕಟ್ಟಿರೋದು ಅದರಿಂದ. ಈ ಹುಡುಗ ಊರಲ್ಲೇ ಇರಲಿಲ್ಲ."

"ಸೋರುತ್ತೆ ಅಂತ ಅರ್ಜಿ ಕೊಟ್ಟೋರೇ ಯಾಕೆ ಮಣ್ಣು ಹಾಕ್ಸಿದ್ರಿ?"

"ಸೋರಬಾರದು ಅಂತ!"

ಜನ ಘೊಳ್ಳೆಂದು ನಕ್ಕರು. ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ. ನಗು ನಿಲ್ಲುವವರೆಗೆ ಕಾದು ಉಳಿದ ದೋಷಗಳನ್ನೆಲ್ಲ ಹೇಳಿದೆ: ಹಲಗೆಯ ಹೊಳಪು, ಪಶ್ಚಿಮದ ಕೋಣೆ, ಎದುರಿನ ಬೋಳುಮುಖ, ಎತ್ತರದಲ್ಲಿಟ್ಟ ಚಿಲಕ. ಚಿಕ್ಕ ಮಕ್ಕಳಿಗೆ ಕೈಗೆಟುಕದ ಚಿಲಕ ಯಾವ ಶಾಸ್ತ್ರ? ಅವರು ಬರೆದುಕೊಂಡರು. ಮಣ್ಣು ತೆಗೆಸಿ, ಇನ್ನೊಂದು ದೊಡ್ಡ ಮಳೆ ಆದ ಮೇಲೆ ಸಮಿತಿ ನೋಡಿ ವರದಿ ಕಳಿಸಲಿ, ಅದನ್ನೇ ಒಪ್ಪುತ್ತೇನೆ ಎಂದು ಹೇಳಿ ಹೋದರು.

ಬೆನಕಪ್ಪ ನನ್ನ ಜೊತೆಗೇ ನಡೆದು ಬಂದ. ನಮ್ಮ ಜಗಲಿಯ ಹತ್ತಿರ ಬಂದಾಗ, "ಗೆದ್ದದ್ದನ್ನ ಕೈಯಾರೆ ಚೆಲ್ಲಿದೆಯಲ್ಲೋ" ಎಂದ.

೧ ಜೂನ್

ಮಣ್ಣು ಇಳಿಸಿದ್ದಾಯಿತು. ಹೊತ್ತು ಹಾಕಿದವರೇ ಬಂದು ಹೊತ್ತು ತೆಗೆದರು. ದ್ಯಾಮಮ್ಮ ಬುಟ್ಟಿ ತುಂಬುವಾಗೆಲ್ಲ, "ಈ ಬುಟ್ಟಿ ಯಜಮಾನ್ರಿಗೆ" ಎಂದು ನನ್ನ ತಲೆಗೇ ಎತ್ತಿಟ್ಟಳು. ಸಂಜೆ ತೀರ್ಥಮ್ಮ ಬೆನ್ನಿಗೆ ಬಿಸಿನೀರು ಹೊಯ್ದಳು. ಈ ಸಲ ಅಣಕಿಸಲಿಲ್ಲ.

೯ ಜೂನ್, ಗುರುವಾರ

ಮೃಗಶಿರದ ಮಳೆ ಮಧ್ಯಾಹ್ನ ಹಿಡಿದು ಸುರಿಯಿತು. ಕಿಟಕಿಯ ಹತ್ತಿರ ಓದುತ್ತಾ ಕೂತಿದ್ದೆ. ಎದ್ದು ಪ್ರತಿ ಕೋಣೆಯ ಗೋಡೆಯನ್ನೂ ಅಂಗೈಯಿಂದ ಮುಟ್ಟಿ ಬಂದೆ. ಒಣಗಿತ್ತು. ಮೆಟ್ಟಿಲೂ ಒಣಗಿತ್ತು. ಕೊಳವೆಗಳು ಗೋಮುಖದ ಹಾಗೆ ಹೊರಗೆ ಧುಮುಕುತ್ತಿದ್ದವು.

ಹೊರಬಂದು ಬೀಗ ಹಾಕುತ್ತಿದ್ದರೆ ಬೆನಕಪ್ಪ ಮಂಡಿಯಿಂದ ನೆನೆಯುತ್ತಾ ಓಡಿ ಬರುತ್ತಿದ್ದಾನೆ. "ಸೋರ್ತಾ?"

"ಇಲ್ಲ."

"ಚೆನ್ನಾಗಿ ನೋಡಿದೆಯಾ?"

"ನಿನಗಿಂತ ಚೆನ್ನಾಗಿ ಕಾಣುತ್ತೆ ನನಗೆ."

"ಆದ್ರೂ ಬೆಂಕಿಪೆಟ್ಟಿಗೆ ಬೆಂಕಿಪೆಟ್ಟಿಗೇನೇ ಕಣೋ."

ಅದನ್ನು ಮೊದಲು ಹೇಳಿದವನು ನಾನು, ಆದರೆ ಅವನು ಹೇಳುವ ಅರ್ಥದಲ್ಲಲ್ಲ. ಉತ್ತರದ ಬೆಳಕು ಎಂದರೆ ಏನು, ಕೊನೆಯ ಬೆಂಚಿಗೆ ಅದು ಹೇಗೆ ಹೋಗುತ್ತದೆ ಎಂದು ವಿವರಿಸಬೇಕಾಯಿತು. ಅವನಿಗೆ ತಲೆಗೆ ಹತ್ತಲಿಲ್ಲ. ಮಳೆ ನಿಲ್ಲುವವರೆಗೂ ಇಬ್ಬರೂ ಅಲ್ಲೇ ಸಜ್ಜದ ಕೆಳಗೆ ನಿಂತು ವಾದ ಮಾಡಿದೆವು. ನನ್ನ ಮೈಮೇಲೆ ಒಂದು ಹನಿ ಬೀಳಲಿಲ್ಲ. ಇನ್ನೊಂದು ಮೊಳ ಮುಂದಕ್ಕೆ ಚಾಚಿದ್ದರೆ ಬೆನಕಪ್ಪನ ಹೊಟ್ಟೆಯೂ ನೆನೆಯುತ್ತಿರಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದೆ. ತೀರ್ಥಮ್ಮ, "ಅಣ್ಣನಿಗೆ ಬೇಡ ಅಂತ ಬೆಳಿಗ್ಗೆನೇ ಹೇಳ್ಕಳಿಸ್ದೆ" ಎಂದಳು. ಬೆಳಿಗ್ಗೆ ಮಳೆಯೇ ಬಂದಿರಲಿಲ್ಲವಲ್ಲ ಎಂದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

ವರದಿ ಬರೆಯಲು ಕೂತಿದ್ದೇನೆ. ವಿಮಲೆ ದೀಪ ತಂದು ಹತ್ತಿರ ಹಿಡಿದಿದ್ದಾಳೆ, ಆದರೂ ಅಕ್ಷರ ಇರುವೆ ಸಾಲು. ಈ ಮನೆಯಲ್ಲಿ ಬರೆಯುವುದಕ್ಕಾಗುವುದಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೋಗಿ ಬರೆಯುತ್ತೇನೆ. ಬರೆಯಬೇಕಾದದ್ದು ಬಹಳ ಇದೆ. ಕಿಟಕಿ ಅತಿ ದೊಡ್ಡದಾಯಿತು, ಅದನ್ನು ಬಿಡುವುದಿಲ್ಲ.